ಒಂದೇ ಕನೆಕ್ಷನ್, ನಾಲ್ಕು ಥ್ರೆಡ್: ಲಾಕ್ ಹಾಕಿದರೆ ಸಾಕಾ?

ಪ್ರಶ್ನೆ: ನಾನು ಮದ್ದೂರು ಕಡೆಯವನು. ನಮ್ಮೂರು ಮತ್ತು ಸುತ್ತಮುತ್ತಲಿನ ಕೆಲವು ಹಾಲಿನ ಡೇರಿಗಳಿಗೆ ಪೈಥಾನ್‌ನಲ್ಲಿ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ತೂಕದ ಮಿಷಿನ್, ಫ್ಯಾಟ್ ನೋಡುವ ಮಿಷಿನ್ ಎರಡೂ ಕಂಪ್ಯೂಟರಿಗೆ ಸೇರಿವೆ. ಪ್ರೋಗ್ರಾಂ ಒಳಗೆ ನಾಲ್ಕು ಕೆಲಸಗಳು ಒಟ್ಟೊಟ್ಟಿಗೆ ಓಡುತ್ತವೆ, ಅಂದರೆ ನಾಲ್ಕು ಥ್ರೆಡ್. ಒಂದು ಥ್ರೆಡ್ ಹಾಲಿನ ಎಂಟ್ರಿಯನ್ನು ಸರ್ವರ್‌ಗೆ ಕಳಿಸುತ್ತದೆ. ಇನ್ನೊಂದು ಸದಸ್ಯರ ಬಾಕಿ ಕೇಳುತ್ತದೆ. ಮತ್ತೊಂದು ದರಪಟ್ಟಿ ತರುತ್ತದೆ. ನಾಲ್ಕನೆಯದು ಮಿಷಿನ್ ಆನ್ ಇದೆ ಎಂದು ಆಗಾಗ ತಿಳಿಸುತ್ತದೆ. ಸರ್ವರ್‌ನಲ್ಲಿರುವ ಫಂಕ್ಷನನ್ನು ಇಲ್ಲಿಂದಲೇ ಕರೆಯಲು (ಇದಕ್ಕೇ ಆರ್‌ಪಿಸಿ ಎನ್ನುವುದು) ಎಲ್ಲಕ್ಕೂ ಎಕ್ಸ್‌ಎಂಎಲ್-ಆರ್‌ಪಿಸಿಯ ಒಂದೇ ‘ಸರ್ವರ್‌ಪ್ರಾಕ್ಸಿ’ ಬಳಸಿದ್ದೇನೆ. ಬೆಳಗಿನ ರಶ್‌ನಲ್ಲಿ ‘ಕ್ಯಾನಾಟ್‌ಸೆಂಡ್‌ರಿಕ್ವೆಸ್ಟ್’ ಎಂಬ ಎರರ್ ಬರುತ್ತಿತ್ತು. ಒಂದು ಸಲಕ್ಕೆ ಒಂದೇ ಥ್ರೆಡ್ ಅದನ್ನು ಬಳಸುವ ಹಾಗೆ ಲಾಕ್ ಹಾಕಿದೆ, ಎರರ್ ಹೋಯಿತು. ಈಗ ನೆಟ್‌ವರ್ಕ್ ಕೈಕೊಟ್ಟರೆ ಇಡೀ ಪ್ರೋಗ್ರಾಂ ನಿಂತುಬಿಡುತ್ತದೆ. ಮೊನ್ನೆ ಒಬ್ಬ ಸದಸ್ಯರಿಗೆ ಒಂದೇ ಹಾಲು ಎರಡು ಸಲ ಜಮಾ ಆಗಿದೆ. ನನ್ನ ಕೋಡ್‌ನಲ್ಲಿ ಎರಡನೇ ಸಲ ಕಳಿಸುವ ಸಾಲೇ ಇಲ್ಲ. ಸರ್ವರ್ ಕೂಡ ನಾನೇ ಬರೆದದ್ದು. ಈ ಲೈಬ್ರರಿ ಬಿಟ್ಟು ಗೂಗಲ್‌ನ ಆರ್‌ಪಿಸಿ ಲೈಬ್ರರಿಯಾದ ಜಿಆರ್‌ಪಿಸಿಗೆ ಹೋಗಲಾ?

ಉತ್ತರ: ಈಗಲೇ ಲೈಬ್ರರಿ ಬದಲಿಸಬೇಡಿ. ನೀವು ಹೇಳಿರುವುದು ಮೂರು ಬೇರೆ ಬೇರೆ ತೊಂದರೆ. ಎರರ್ ಬಂದದ್ದು ಒಂದು ಕಾರಣಕ್ಕೆ, ಪ್ರೋಗ್ರಾಂ ನಿಂತದ್ದು ಇನ್ನೊಂದಕ್ಕೆ, ಹಾಲು ಎರಡು ಸಲ ಜಮಾ ಆದದ್ದು ಮತ್ತೊಂದಕ್ಕೆ. ಲಾಕ್ ಮೊದಲನೆಯದನ್ನು ಸರಿಮಾಡಿತು. ಎರಡನೆಯದನ್ನು ಜೋರು ಮಾಡಿತು. ಮೂರನೆಯದಕ್ಕೂ ಲಾಕ್‌ಗೂ ಸಂಬಂಧವೇ ಇಲ್ಲ, ಜಿಆರ್‌ಪಿಸಿಗೆ ಹೋದರೂ ಅದು ನಿಮ್ಮ ಜೊತೆಗೇ ಬರುತ್ತದೆ. ಇದು ಹಸು ಕಟ್ಟಿಕೊಂಡು ಬದುಕುವವರ ದುಡ್ಡಿನ ಲೆಕ್ಕ. ಹಾಗಾಗಿ ಮೂರನೆಯದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲು ಎರರ್ ವಿಷಯ. ‘ಸರ್ವರ್‌ಪ್ರಾಕ್ಸಿ’ ಹೊರಗಿನಿಂದ ನೋಡಿದರೆ ಸಾದಾ ಆಬ್ಜೆಕ್ಟ್. ಫಂಕ್ಷನ್ ಕರೆದ ಹಾಗೆ ಕರೆಯುತ್ತೀರಿ, ಉತ್ತರ ಬರುತ್ತದೆ. ಒಳಗೆ ಅದು ಒಂದೇ ಒಂದು ಎಚ್‌ಟಿಟಿಪಿ ಕನೆಕ್ಷನ್ ಇಟ್ಟುಕೊಂಡಿರುತ್ತದೆ. ಅದರ ಕ್ರಮ ಇಷ್ಟೇ: ಒಂದು ಪ್ರಶ್ನೆ ಕಳಿಸಬೇಕು, ಅದರ ಉತ್ತರ ಪೂರ್ತಿ ಓದಬೇಕು, ಆಮೇಲೆ ಮುಂದಿನದು. ನಿಮ್ಮ ಎಂಟ್ರಿ ಥ್ರೆಡ್ ಕಳಿಸಿ ಕಾಯುತ್ತಾ ಕೂತಿದ್ದಾಗ, ಬಾಕಿ ಕೇಳುವ ಥ್ರೆಡ್ ಅದೇ ಕನೆಕ್ಷನ್ ಮೇಲೆ ತನ್ನದೂ ಕಳಿಸಲು ಹೋಗುತ್ತದೆ. ಪೈಥಾನ್‌ನ ಎಚ್‌ಟಿಟಿಪಿ ಕ್ಲೈಂಟ್ ತಾನು ಯಾವ ಹಂತದಲ್ಲಿದ್ದೇನೆ ಎಂದು ಗುರುತಿಟ್ಟುಕೊಂಡಿರುತ್ತದೆ. ಅದಕ್ಕೇ ‘ಈಗ ಕಳಿಸಲು ಆಗಲ್ಲ’ ಎಂದು ಎರರ್ ಕೊಡುತ್ತದೆ. ಆದರೆ ಆ ಗುರುತಿಗೆ ಲಾಕ್ ಇಲ್ಲ. ಇಬ್ಬರೂ ಒಂದೇ ಕ್ಷಣದಲ್ಲಿ ನೋಡಿ ಇಬ್ಬರೂ ‘ಖಾಲಿ ಇದೆ’ ಎಂದುಕೊಂಡರೆ ಏನಾಗುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ. ಎರರ್ ಬಂದದ್ದು ಒಳ್ಳೆಯದೇ ಆಯಿತು, ಅದರಿಂದ ನಿಮಗೆ ಗೊತ್ತಾಯಿತು.

ಗೊತ್ತೇ ಆಗದ ಹಾಗೆ ಕೆಡುವ ಲೈಬ್ರರಿಗಳೂ ಇವೆ. ಹಳೆಯ ಸನ್ ಆರ್‌ಪಿಸಿಯಲ್ಲಿ ‘ಆರ್‌ಪಿಸಿಜೆನ್’ ಎಂಬ ಟೂಲ್ ತಯಾರಿಸುತ್ತಿದ್ದ ಸಿ ಕೋಡ್, ಬಂದ ಉತ್ತರವನ್ನು ಒಂದು ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ (ಎಷ್ಟು ಸಲ ಕರೆದರೂ ಅದೇ ಒಂದು ಜಾಗ) ಇಟ್ಟು ಅದರ ವಿಳಾಸವನ್ನು ಕೈಗೆ ಕೊಡುತ್ತಿತ್ತು. ನೀವು ಆ ಉತ್ತರ ಓದುವ ಮೊದಲೇ ಇನ್ನೊಂದು ಥ್ರೆಡ್ ಅದೇ ಫಂಕ್ಷನ್ ಕರೆದರೆ ಅಲ್ಲಿ ಅದರ ಉತ್ತರ ಬಂದು ಕೂರುತ್ತದೆ. ಎರರ್ ಇಲ್ಲ, ಏನಿಲ್ಲ. ನಿಮ್ಮ ಡೇರಿಯಲ್ಲಿ ಹೀಗಾದರೆ ಒಬ್ಬರ ಬಾಕಿ ಇನ್ನೊಬ್ಬರ ಚೀಟಿಯಲ್ಲಿ ಪ್ರಿಂಟ್ ಆಗುತ್ತದೆ. ಥ್ರೆಡ್‌ಗಳಿಗೆ ಹೊಂದುವ ಕೋಡ್ ತಯಾರಿಸುವ ಆಯ್ಕೆ ಆ ಟೂಲ್‌ಗೆ ಆಮೇಲೆ ಬಂತು. ಫೇಸ್‌ಬುಕ್ 2007ರಲ್ಲಿ ಹೊರಬಿಟ್ಟ ಥ್ರಿಫ್ಟ್ ಎಂಬ ಆರ್‌ಪಿಸಿ ಲೈಬ್ರರಿಯಲ್ಲೂ ಒಂದು ಕ್ಲೈಂಟ್ ಆಬ್ಜೆಕ್ಟನ್ನು ಥ್ರೆಡ್‌ಗಳು ಹಂಚಿಕೊಳ್ಳುವಂತಿಲ್ಲ. ಅದರ ಜಾವಾ ಲೈಬ್ರರಿ ಉತ್ತರದ ಕ್ರಮಸಂಖ್ಯೆ ತಾಳೆ ನೋಡಿ, ತಪ್ಪಿದ್ದರೆ ದೂರುತ್ತದೆ. ಗೋ ಭಾಷೆಯ ‘ನೆಟ್/ಆರ್‌ಪಿಸಿ’ ಮಾತ್ರ ಬೇರೆ. ಅದು ಪ್ರತಿ ಕರೆಗೂ ನಂಬರ್ ಕೊಟ್ಟು, ಬಂದ ಉತ್ತರವನ್ನು ಕೇಳಿದವರಿಗೇ ತಲುಪಿಸುತ್ತದೆ. ಒಂದು ಕ್ಲೈಂಟನ್ನು ಎಷ್ಟು ಗೋರುಟೀನ್ (ಗೋ ಭಾಷೆಯ ಹಗುರ ಥ್ರೆಡ್) ಬೇಕಾದರೂ ಬಳಸಬಹುದು ಎಂದು ಅದರ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದ್ದಾರೆ. ಮೈಸೂರಿನಲ್ಲಿ ನಮ್ಮ ತಂಡಕ್ಕೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಕಲಿಸುವುದೇ ಇದು: ಲೈಬ್ರರಿ ಥ್ರೆಡ್-ಸೇಫ್ (ಹಲವು ಥ್ರೆಡ್ ಒಟ್ಟಿಗೆ ಬಳಸಿದರೂ ಕೆಡದಂಥದ್ದು) ಹೌದಾ ಅಂತ ಕೇಳಬೇಡಿ, ಅದರ ಯಾವ ಆಬ್ಜೆಕ್ಟ್ ಥ್ರೆಡ್-ಸೇಫ್ ಅಂತ ಕೇಳಿ. ಎಲ್ಲೂ ಬರೆದಿಲ್ಲ ಅಂದರೆ ಅಲ್ಲ ಎಂದೇ ತಿಳಿದುಕೊಳ್ಳಿ.

ಈಗ ಲಾಕ್. ಕಳಿಸುವುದರಿಂದ ಹಿಡಿದು ಉತ್ತರ ಓದಿ ಮುಗಿಯುವವರೆಗೆ ಲಾಕ್ ಹಿಡಿದಿದ್ದೀರಿ, ಅದು ಸರಿ. ಆದರೆ ಆ ಲಾಕ್ ಹಿಡಿದ ಥ್ರೆಡ್ ಎಷ್ಟು ಹೊತ್ತು ಕಾಯುತ್ತದೆ? ‘ಸರ್ವರ್‌ಪ್ರಾಕ್ಸಿ’ಗೆ ಟೈಮ್‌ಔಟ್, ಅಂದರೆ ‘ಇಷ್ಟು ಹೊತ್ತು ಕಾದು ಬಿಟ್ಟುಬಿಡು’ ಎಂಬ ಆಯ್ಕೆಯೇ ಇಲ್ಲ. ಪೈಥಾನ್‌ನ ಸಾಕೆಟ್‌ಗೂ (ಕನೆಕ್ಷನ್‌ನ ನಮ್ಮ ಕಡೆಯ ತುದಿ) ನೀವು ಹೇಳದ ಹೊರತು ಟೈಮ್‌ಔಟ್ ಇರುವುದಿಲ್ಲ. ಸರ್ವರ್ ಪ್ರೋಗ್ರಾಂ ಬಿದ್ದುಹೋದರೆ ಅದು ಓಡುತ್ತಿದ್ದ ಕಂಪ್ಯೂಟರ್ ‘ಕನೆಕ್ಷನ್ ಮುಗಿಯಿತು’ ಎಂದು ತಿಳಿಸುತ್ತದೆ, ತಕ್ಷಣ ಎರರ್ ಬರುತ್ತದೆ. ಮೊಬೈಲ್ ಟವರ್‌ಗೆ ಕರೆಂಟ್ ಹೋದರೆ ಹಾಗಲ್ಲ. ಯಾರೂ ಏನೂ ಹೇಳುವುದಿಲ್ಲ, ಸಾಕೆಟ್ ಸುಮ್ನೆ ಕಾಯುತ್ತದೆ. ಲಾಕ್ ಅದರ ಕೈಯಲ್ಲೇ ಇರುತ್ತದೆ. ಉಳಿದ ಮೂರೂ ಥ್ರೆಡ್‌ಗಳು ಹಿಂದೆ ಸಾಲು ನಿಲ್ಲುತ್ತವೆ. ಹೊರಗೆ ಜನ ಕ್ಯಾನ್ ಹಿಡಿದು ನಿಂತಿರುತ್ತಾರೆ.

ಟೈಮ್‌ಔಟ್ ಹಾಕುವ ದಾರಿ ಇದೆ. ಎಕ್ಸ್‌ಎಂಎಲ್-ಆರ್‌ಪಿಸಿಯ ‘ಟ್ರಾನ್ಸ್‌ಪೋರ್ಟ್’ ಕ್ಲಾಸಿನಿಂದ ನಿಮ್ಮದೊಂದು ಕ್ಲಾಸ್ ಮಾಡಿ. ಅದರಲ್ಲಿ ‘ಮೇಕ್ ಕನೆಕ್ಷನ್’ ಎಂಬ ಮೆಥಡ್ ಮತ್ತೆ ಬರೆಯಿರಿ. ಮೂಲ ಮೆಥಡ್ ಕೊಡುವ ಕನೆಕ್ಷನ್ ಆಬ್ಜೆಕ್ಟ್‌ಗೆ ಟೈಮ್‌ಔಟ್ ಇಟ್ಟು ವಾಪಸ್ ಕೊಡಿ. ಎಚ್‌ಟಿಟಿಪಿಎಸ್ ಆದರೆ ‘ಸೇಫ್‌ಟ್ರಾನ್ಸ್‌ಪೋರ್ಟ್’ಗೆ ಇದನ್ನೇ ಮಾಡಿ. ನಾಲ್ಕೈದು ಸಾಲಿನ ಕೆಲಸ. ಆಮೇಲೆ ಆ ಟ್ರಾನ್ಸ್‌ಪೋರ್ಟನ್ನು ‘ಸರ್ವರ್‌ಪ್ರಾಕ್ಸಿ’ಗೆ ಕೊಡಿ. ಸಾಕೆಟ್ ಮಾಡ್ಯೂಲ್‌ನಲ್ಲಿ ಎಲ್ಲಕ್ಕೂ ಒಟ್ಟಿಗೆ ಟೈಮ್‌ಔಟ್ ಇಡುವ ಫಂಕ್ಷನ್ ಕೂಡ ಇದೆ. ಅದು ಪ್ರೋಗ್ರಾಂನಲ್ಲಿ ಆಮೇಲೆ ಹುಟ್ಟುವ ಎಲ್ಲ ಸಾಕೆಟ್‌ಗಳಿಗೂ ತಗಲುತ್ತದೆ, ಹಾಗಾಗಿ ನಾನು ಅದನ್ನು ಬಳಸುವುದಿಲ್ಲ. ಇನ್ನೊಂದು ವಿಷಯ: ಹತ್ತು ಸೆಕೆಂಡ್ ಎಂದು ಇಟ್ಟರೆ ಅದು ಪೂರ್ತಿ ಕರೆಗೆ ಹತ್ತು ಸೆಕೆಂಡ್ ಅಲ್ಲ. ಸಾಕೆಟ್‌ನ ಪ್ರತಿ ಓದಿಗೆ, ಪ್ರತಿ ಬರಹಕ್ಕೆ ಹತ್ತು ಸೆಕೆಂಡ್. ಉತ್ತರ ಚೂರು ಚೂರಾಗಿ ಬರುತ್ತಿದ್ದರೆ ಒಟ್ಟು ಸಮಯ ಅದಕ್ಕಿಂತ ಜಾಸ್ತಿ ಆಗಬಹುದು.

ಟೈಮ್‌ಔಟ್ ಆದ ಕನೆಕ್ಷನನ್ನು ಮತ್ತೆ ಬಳಸಬಾರದು, ಮುಚ್ಚಿಬಿಡಬೇಕು. ಹಳೆಯ ಪ್ರಶ್ನೆಯ ಉತ್ತರ ತಡವಾಗಿ ಬಂದು, ಮುಂದಿನ ಪ್ರಶ್ನೆಯ ಉತ್ತರ ಎಂದು ಓದಿಸಿಕೊಳ್ಳಬಹುದು. ಪೈಥಾನ್‌ನ ಈ ಲೈಬ್ರರಿ ಎರರ್ ಆದಾಗ ತಾನೇ ಮುಚ್ಚುತ್ತದೆ. ಬೇರೆ ಲೈಬ್ರರಿಗೆ ಹೋದಾಗ ಇದನ್ನು ಕಣ್ಣಾರೆ ನೋಡಿಕೊಳ್ಳಿ.

ಇಷ್ಟು ಮಾಡಿದರೂ ಒಂದೇ ಪ್ರಾಕ್ಸಿಗೆ ಲಾಕ್ ಹಾಕಿ ನಾಲ್ಕು ಥ್ರೆಡ್ ಓಡಿಸುವುದು ನಿಮ್ಮ ಕೆಲಸಕ್ಕೆ ಒಳ್ಳೆಯ ವಿನ್ಯಾಸ ಅಲ್ಲ. ಥ್ರೆಡ್‌ಗೊಂದು ಪ್ರಾಕ್ಸಿ ಕೊಡಬಹುದು. ಪ್ರತಿ ಥ್ರೆಡ್‌ಗೂ ಅದರದೇ ಪ್ರತಿ ಇಡುವ ಪೈಥಾನ್‌ನ ‘ಥ್ರೆಡಿಂಗ್ ಲೋಕಲ್’ ಬಳಸಿದರೆ ಅದು ಸುಲಭ. ಬಾಕಿ ಕೇಳಲು, ದರಪಟ್ಟಿ ತರಲು, ಮಿಷಿನ್ ಆನ್ ಇದೆ ಎಂದು ಹೇಳಲು ಅದೇ ಸಾಕು. ಹಾಲಿನ ಎಂಟ್ರಿಗೆ ಮಾತ್ರ ಬೇರೆ ದಾರಿ ಹೇಳುತ್ತೇನೆ. ನಿಮ್ಮ ಡೇರಿಯಲ್ಲಿ ಎಷ್ಟು ಜನ ಬಂದರೂ ಅಳೆಯುವವರು ಒಬ್ಬರೇ, ಬಂದವರು ಸಾಲಿನಲ್ಲಿ ಕ್ಯಾನ್ ಇಡುತ್ತಾರೆ, ಅಲ್ವಾ? ಹಾಗೆಯೇ ಕಳಿಸುವ ಥ್ರೆಡ್ ಒಂದೇ ಇರಲಿ. ಎಂಟ್ರಿಗಳ ಪ್ರಾಕ್ಸಿಯನ್ನು ಅದೊಂದೇ ಮುಟ್ಟಲಿ. ಉಳಿದವರು ಕೆಲಸವನ್ನು ಸಾಲಿಗೆ ಹಾಕಿ ಹೋಗಲಿ. ಆಗ ಲಾಕ್ ಬೇಕಾಗುವುದೇ ಇಲ್ಲ.

ಕೆಲಸಗಳ ಆ ಸರದಿ ಸಾಲು ಮೆಮೊರಿಯಲ್ಲಿ ಇರಬಾರದು, ಡಿಸ್ಕ್ ಮೇಲೆ ಇರಬೇಕು. ಕರೆಂಟ್ ಹೋದರೆ ಮೆಮೊರಿಯಲ್ಲಿದ್ದ ಹಾಲು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನ ಅಂಶ) ಬಂದ ಕೂಡಲೇ ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿರುವ ಪುಟ್ಟ ಡೇಟಾಬೇಸ್) ಟೇಬಲ್‌ಗೆ ಒಂದು ಸಾಲು ಬರೆದು ಕಮಿಟ್ ಮಾಡಿ, ಅಂದರೆ ಡಿಸ್ಕ್‌ನಲ್ಲಿ ಖಾಯಂ ಮಾಡಿ. ಆಮೇಲೆ ಚೀಟಿ ಪ್ರಿಂಟ್ ಮಾಡಿ ಸದಸ್ಯರನ್ನು ಕಳಿಸಿ. ಸರ್ವರ್‌ಗಾಗಿ ಅವರನ್ನು ನಿಲ್ಲಿಸಬೇಡಿ. ಕಳಿಸುವ ಥ್ರೆಡ್ ಆ ಟೇಬಲ್‌ನಲ್ಲಿ ‘ಇನ್ನೂ ಹೋಗಿಲ್ಲ’ ಎಂದಿರುವ ಸಾಲುಗಳನ್ನು ಒಂದೊಂದಾಗಿ ಕಳಿಸಿ, ಉತ್ತರ ಬಂದ ಮೇಲೆ ‘ಹೋಗಿದೆ’ ಎಂದು ಗುರುತು ಹಾಕಲಿ. ಎಸ್‌ಕ್ಯೂಲೈಟ್ ಕನೆಕ್ಷನನ್ನೂ ಹಂಚಿಕೊಳ್ಳಬೇಡಿ. ಒಂದು ಥ್ರೆಡ್‌ನಲ್ಲಿ ತೆರೆದದ್ದನ್ನು ಇನ್ನೊಂದರಲ್ಲಿ ಬಳಸಿದರೆ ಪೈಥಾನ್ ಎರರ್ ಕೊಡುತ್ತದೆ. ಆ ತಪಾಸಣೆಯನ್ನು ಆಫ್ ಮಾಡುವ ಆಯ್ಕೆ ಇದೆ, ಮಾಡಬೇಡಿ. ಥ್ರೆಡ್‌ಗೊಂದು ಕನೆಕ್ಷನ್ ತೆರೆಯಿರಿ.

ಈಗ ಎರಡು ಸಲ ಜಮಾ ಆದ ಹಾಲು. ನಿಮ್ಮ ಕೋಡ್‌ನಲ್ಲಿ ಮತ್ತೆ ಕಳಿಸುವ ಸಾಲಿಲ್ಲ ಎಂದಿರಿ. ನಿಜ ಇರಬಹುದು. ಆದರೆ ಲೈಬ್ರರಿಯಲ್ಲಿ ಇದೆ. ಪೈಥಾನ್ ಜೊತೆಗೇ ಬರುವ ಎಕ್ಸ್‌ಎಂಎಲ್-ಆರ್‌ಪಿಸಿ ಕ್ಲೈಂಟ್‌ನ ಫೈಲ್ ತೆರೆದು ‘ಟ್ರಾನ್ಸ್‌ಪೋರ್ಟ್’ ಕ್ಲಾಸಿನ ‘ರಿಕ್ವೆಸ್ಟ್’ ಮೆಥಡ್ ನೋಡಿ. ಅಲ್ಲಿ 0 ಮತ್ತು 1 ಎಂದು ಎರಡು ಸುತ್ತು ತಿರುಗುವ ಒಂದು ಪುಟ್ಟ ಲೂಪ್ ಇದೆ. ಮೊದಲ ಸುತ್ತಿನಲ್ಲಿ ಕನೆಕ್ಷನ್ ಕಡಿದುಹೋದರೆ, ಅಥವಾ ಆ ಕಡೆಯವರು ಉತ್ತರ ಕೊಡದೆ ಮುಚ್ಚಿದರೆ, ಅದು ಏನೂ ಹೇಳದೆ ಅದೇ ರಿಕ್ವೆಸ್ಟನ್ನು ಇನ್ನೊಂದು ಸಲ ಕಳಿಸುತ್ತದೆ. ಎರಡನೆಯದೂ ಕೆಟ್ಟರೆ ಮಾತ್ರ ನಿಮಗೆ ಎರರ್ ಬರುತ್ತದೆ.

ಇದನ್ನು ಬರೆದವರದು ಒಳ್ಳೆಯ ಉದ್ದೇಶವೇ. ತೆರೆದಿಟ್ಟ ಕನೆಕ್ಷನ್ ಸ್ವಲ್ಪ ಹೊತ್ತು ಖಾಲಿ ಇದ್ದರೆ ಸರ್ವರ್ ಅದನ್ನು ಮುಚ್ಚಿರಬಹುದು. ಅಷ್ಟಕ್ಕೇ ಎರರ್ ಕೊಡುವ ಬದಲು ಹೊಸದು ತೆರೆದು ಕಳಿಸೋಣ ಎಂದುಕೊಂಡಿದ್ದಾರೆ. ಆದರೆ ಇನ್ನೊಂದು ಸಾಧ್ಯತೆ ನೋಡಿ. ರಿಕ್ವೆಸ್ಟ್ ಸರ್ವರ್ ತಲುಪಿತು. ಹಾಲು ಜಮಾ ಆಯಿತು. ಉತ್ತರ ಹೊರಡುವಷ್ಟರಲ್ಲಿ ಕನೆಕ್ಷನ್ ಕಡಿಯಿತು. ಲೈಬ್ರರಿ ಮತ್ತೆ ಕಳಿಸಿತು, ಹಾಲು ಮತ್ತೆ ಜಮಾ ಆಯಿತು. ಎರಡನೇ ಸಲ ಉತ್ತರ ಸರಿಯಾಗಿ ಬಂತು. ನಿಮ್ಮ ಪ್ರೋಗ್ರಾಂಗೆ ಕಂಡದ್ದು ಒಂದು ಕರೆ, ಒಂದು ಉತ್ತರ. ನಿಮ್ಮ ಲಾಗ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಸರ್ವರ್ ಲಾಗ್‌ನಲ್ಲಿ ಒಂದರ ಹಿಂದೆ ಒಂದರಂತೆ ಎರಡು ಸಿಗುತ್ತವೆ. ಆ ದಿನದ್ದು ಇದ್ದರೆ ನೋಡಿ.

ಈ ಲೂಪನ್ನು ತೆಗೆದುಹಾಕಿದರೆ ಮುಗಿಯಿತಾ? ಇಲ್ಲ. ಆಗ ಎರರ್ ನಿಮ್ಮ ಕೈಗೆ ಬರುತ್ತದೆ, ಹಾಲು ಜಮಾ ಆಯಿತೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ. ಮತ್ತೆ ಕಳಿಸದಿದ್ದರೆ ಒಬ್ಬರ ಹಾಲು ಹೋಗಬಹುದು, ಕಳಿಸಿದರೆ ಎರಡಾಗಬಹುದು. ಕ್ಲೈಂಟ್ ಕಡೆ ಎಷ್ಟು ಜಾಣತನ ಮಾಡಿದರೂ ಇದು ಬಗೆಹರಿಯುವುದಿಲ್ಲ. ಬಗೆಹರಿಸಬೇಕಾದದ್ದು ಸರ್ವರ್. ಅದಕ್ಕೆ ಪ್ರತಿ ಎಂಟ್ರಿಗೂ ಒಂದು ಗುರುತಿನ ಸಂಖ್ಯೆ ಬೇಕು.

ಇದು ಹೊಸ ಉಪಾಯ ಏನಲ್ಲ. ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್‌ನಲ್ಲಿದ್ದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ ಆರ್‌ಪಿಸಿ ಕಟ್ಟುವುದು ಹೇಗೆ ಎಂದು 1984ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರಲ್ಲೇ ಇದು ಇದೆ. ಪ್ರತಿ ಕರೆಯ ಜೊತೆ ಕರೆಯುವ ಕಂಪ್ಯೂಟರಿನ ಗುರುತು, ಅದರೊಳಗಿನ ಪ್ರೊಸೆಸ್‌ನ ಗುರುತು, ಒಂದು ಕ್ರಮಸಂಖ್ಯೆ ಹೋಗುತ್ತಿತ್ತು. ಒಂದು ಪ್ರೊಸೆಸ್ ತನ್ನ ಹಿಂದಿನ ಕರೆಗೆ ಉತ್ತರ ಬರುವವರೆಗೆ ಹೊಸ ಕರೆ ಮಾಡುವಂತಿರಲಿಲ್ಲ. ಹಾಗಾಗಿ ಸರ್ವರ್ ಪ್ರತಿಯೊಬ್ಬರ ಕೊನೆಯ ಸಂಖ್ಯೆ ನೆನಪಿಟ್ಟುಕೊಂಡರೆ ಸಾಕಿತ್ತು. ಹಳೆಯ ಸಂಖ್ಯೆ ಮತ್ತೆ ಬಂದರೆ ಆ ಕೆಲಸವನ್ನು ಮತ್ತೆ ಮಾಡುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಕರೆ, ಹಳೆಯದು ಮತ್ತೆ ಬಂದರೆ ಮತ್ತೆ ಮಾಡಬಾರದು: ನಿಮ್ಮ ಮೊದಲ ಮತ್ತು ಮೂರನೆಯ ತೊಂದರೆಗೆ ಉತ್ತರ ಅಲ್ಲೇ ಇದೆ ನೋಡಿ.

ನಿಮಗೆ ಬೇಕಾದದ್ದು ಇಷ್ಟು. ಎಂಟ್ರಿ ಎಸ್‌ಕ್ಯೂಲೈಟ್‌ಗೆ ಬೀಳುವಾಗಲೇ ಅದಕ್ಕೊಂದು ಗುರುತು ಕೊಡಿ. ಕಳಿಸುವಾಗ ಕೊಡಬೇಡಿ. ಕಳಿಸುವಾಗ ಕೊಟ್ಟರೆ ಎರಡನೇ ಸಲಕ್ಕೆ ಹೊಸ ಗುರುತು ಬಂದು ಎಲ್ಲ ವ್ಯರ್ಥ ಆಗುತ್ತದೆ. ಸಂಘದ ಕೋಡ್, ಮಿಷಿನ್ ನಂಬರ್, ಟೇಬಲ್‌ನ ಕ್ರಮಸಂಖ್ಯೆ ಸೇರಿಸಿ ‘217-1-48213’ ಎಂಬಂತೆ ಮಾಡಬಹುದು. ಆದರೆ ಕಂಪ್ಯೂಟರ್ ಕೆಟ್ಟು ಫಾರ್ಮ್ಯಾಟ್ ಮಾಡಿಸಿದರೆ ಕ್ರಮಸಂಖ್ಯೆ ಮತ್ತೆ 1ರಿಂದ ಶುರುವಾಗುತ್ತದೆ. ಆಗ ಸರ್ವರ್ ಹೊಸ ಹಾಲನ್ನೆಲ್ಲ ‘ಇದು ಹಳೆಯದು’ ಎಂದು ಬಿಟ್ಟುಬಿಡುತ್ತದೆ. ಎರಡು ಸಲ ಜಮಾ ಆಗುವುದಕ್ಕಿಂತ ಇದು ಕೆಟ್ಟದ್ದು. ಯುಯುಐಡಿ (ಕಂಪ್ಯೂಟರ್ ತಾನೇ ಹುಟ್ಟಿಸುವ, ಮತ್ತೆ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಉದ್ದದ ಗುರುತು) ಬಳಸಿದರೆ ಈ ಭಯ ಇಲ್ಲ, ನಾನಾದರೆ ಅದನ್ನೇ ಬಳಸುತ್ತೇನೆ. ಯಾವುದಾದರೂ ಸರಿ, ಅದನ್ನು ಸ್ಟ್ರಿಂಗ್ ಆಗಿ ಕಳಿಸಿ. ಕೋಡ್, ತಾರೀಕು ಎಲ್ಲ ಸೇರಿಸಿ ದೊಡ್ಡ ಅಂಕಿ ಮಾಡಿದರೆ ಎಕ್ಸ್‌ಎಂಎಲ್-ಆರ್‌ಪಿಸಿ ಒಪ್ಪುವುದಿಲ್ಲ. ಅದರ ಪೂರ್ಣಾಂಕ 32 ಬಿಟ್‌ನದ್ದು, 2147483647 ದಾಟಿದರೆ ಪೈಥಾನ್ ಎರರ್ ಕೊಡುತ್ತದೆ.

ಸರ್ವರ್‌ನಲ್ಲಿ ಆ ಗುರುತಿನ ಕಾಲಂಗೆ ಯುನೀಕ್ ಎಂದು ಹಾಕಿ, ಆಗ ಒಂದೇ ಗುರುತು ಎರಡು ಸಲ ಸೇರಲು ಡೇಟಾಬೇಸ್ ಬಿಡುವುದಿಲ್ಲ. ‘ಮೊದಲು ಹುಡುಕಿ ನೋಡು, ಇಲ್ಲದಿದ್ದರೆ ಸೇರಿಸು’ ಎಂದು ಪೈಥಾನ್‌ನಲ್ಲಿ ಬರೆಯಬೇಡಿ. ಒಂದೇ ಎಂಟ್ರಿಯ ಎರಡು ಪ್ರತಿ ಒಟ್ಟಿಗೆ ಬಂದರೆ ಎರಡು ಥ್ರೆಡ್‌ಗಳೂ ಹುಡುಕಿ, ಎರಡಕ್ಕೂ ‘ಇಲ್ಲ’ ಎಂದು ಕಂಡು, ಎರಡೂ ಸೇರಿಸಲು ಹೋಗುತ್ತವೆ. ನಿರ್ಧಾರವನ್ನು ಡೇಟಾಬೇಸ್‌ಗೇ ಬಿಡಿ. ಎಂಟ್ರಿ ಸೇರಿಸುವುದು, ಬಾಕಿ ಹೆಚ್ಚಿಸುವುದು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಲಿ, ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ಸಾಲು ನಿಜವಾಗಿ ಸೇರಿದ್ದರೆ ಮಾತ್ರ ಬಾಕಿ ಹೆಚ್ಚಲಿ. ಗುರುತು ಮೊದಲೇ ಇದ್ದು ತೂಕ, ಫ್ಯಾಟ್ ಎಲ್ಲ ಒಂದೇ ಆಗಿದ್ದರೆ ‘ಸರಿ, ಬಂದಿದೆ’ ಎಂದು ಮೊದಲಿನ ಉತ್ತರವನ್ನೇ ಕೊಡಿ, ಎರರ್ ಕೊಡಬೇಡಿ. ಎರರ್ ಕೊಟ್ಟರೆ ಕಳಿಸುವ ಥ್ರೆಡ್ ಅದನ್ನೇ ಕಳಿಸುತ್ತಾ ಕೂರುತ್ತದೆ. ಗುರುತು ಒಂದೇ ಇದ್ದು ತೂಕ ಬೇರೆ ಇದ್ದರೆ ಆಗ ಎರರ್ ಕೊಡಿ, ನಿಮಗೆ ಮೆಸೇಜ್ ಬರುವ ಹಾಗೆ ಮಾಡಿ.

‘ಒಬ್ಬ ಸದಸ್ಯ, ಒಂದು ಹೊತ್ತು, ಒಂದೇ ಎಂಟ್ರಿ’ ಎಂಬ ಸುಲಭದ ನಿಯಮ ಹಾಕುವ ಆಸೆ ಬರಬಹುದು. ಬೇಡ. ಸೀಮೆ ಹಸುವಿನದು ಒಂದು ಕ್ಯಾನ್, ಎಮ್ಮೆಯದು ಒಂದು ಕ್ಯಾನ್ ತರುವವರು ಇರುತ್ತಾರೆ. ಮಗನ ಕೈಲಿ ಒಂದು ಕ್ಯಾನ್ ಕಳಿಸಿ, ಆಮೇಲೆ ತಾವೇ ಇನ್ನೊಂದು ತರುವವರೂ ಇರುತ್ತಾರೆ. ಅವರ ಎರಡನೇ ಕ್ಯಾನ್ ಕಳೆದುಹೋಗಬಾರದು.

ನಿಮ್ಮ ಸರ್ವರ್ ಪೈಥಾನ್‌ನ ‘ಸಿಂಪಲ್‌ಎಕ್ಸ್‌ಎಂಎಲ್‌ಆರ್‌ಪಿಸಿಸರ್ವರ್’ ಆಗಿದ್ದರೆ, ಹಾಗೇ ಬಳಸಿದಾಗ ಅದು ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡುತ್ತದೆ. ‘ಥ್ರೆಡಿಂಗ್‌ಮಿಕ್ಸ್‌ಇನ್’ ಸೇರಿಸಿದರೆ ಪ್ರತಿ ರಿಕ್ವೆಸ್ಟ್‌ಗೂ ಒಂದು ಥ್ರೆಡ್ ಆಗುತ್ತದೆ. ಆಗ ನಿಮ್ಮ ಫಂಕ್ಷನ್‌ಗಳು ಒಟ್ಟೊಟ್ಟಿಗೆ ಓಡುತ್ತವೆ. ಗ್ಲೋಬಲ್ ಡಿಕ್ಷನರಿಯಲ್ಲಿ ಬಾಕಿ ಇಟ್ಟುಕೊಂಡು ಅದಕ್ಕೆ ಕೂಡಿಸುತ್ತಿದ್ದರೆ ಅದು ಕೆಡುತ್ತದೆ. ಪೈಥಾನ್‌ನ ಜಿಐಎಲ್ (ಒಂದು ಕ್ಷಣಕ್ಕೆ ಒಂದೇ ಥ್ರೆಡ್ ಓಡಲು ಬಿಡುವ ಒಳಗಿನ ಲಾಕ್) ಇದೆಯಲ್ಲ ಎಂದು ನಂಬಬೇಡಿ. ಓದುವುದು, ಕೂಡುವುದು, ಬರೆಯುವುದು ಮೂರು ಬೇರೆ ಹೆಜ್ಜೆ, ನಡುವೆ ಥ್ರೆಡ್ ಬದಲಾಗಬಹುದು.

ದರಪಟ್ಟಿ ತರುವ ಥ್ರೆಡ್ ಬಗ್ಗೆ ಒಂದು ಮಾತು. ಅದು ದರಪಟ್ಟಿಯ ಲಾಕ್ ಹಿಡಿದುಕೊಂಡೇ ಸರ್ವರನ್ನು ಕೇಳುತ್ತಿದೆಯಾ ನೋಡಿ. ಹಾಗಿದ್ದರೆ ಸರ್ವರ್ ತಡ ಮಾಡಿದಷ್ಟು ಹೊತ್ತು ಚೀಟಿ ಪ್ರಿಂಟ್ ನಿಲ್ಲುತ್ತದೆ. ಮೊದಲು ಲಾಕ್ ಇಲ್ಲದೆ ಹೊಸ ದರಪಟ್ಟಿ ತಂದುಕೊಳ್ಳಿ. ಪೂರ್ತಿ ಬಂದ ಮೇಲೆ ಲಾಕ್ ಹಿಡಿದು ಹಳೆಯದರ ಜಾಗದಲ್ಲಿ ಇಟ್ಟು ತಕ್ಷಣ ಬಿಡಿ. ನಿಮ್ಮ ಡೇಟಾದ ಲಾಕ್ ಹಿಡಿದು ಯಾವತ್ತೂ ದೂರದ ಕರೆ ಮಾಡಬೇಡಿ. ಮುಂದೆ ಸರ್ವರ್ ತಿರುಗಿ ನಿಮ್ಮ ಮಿಷಿನ್‌ಗೆ ಕರೆ ಮಾಡುವ ವ್ಯವಸ್ಥೆ ಬಂದರೆ ಇದೇ ಡೆಡ್‌ಲಾಕ್ ಆಗುತ್ತದೆ, ಅಂದರೆ ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತಾ ನಿಂತುಬಿಡುತ್ತಾರೆ.

ಜಿಆರ್‌ಪಿಸಿ ಒಳ್ಳೆಯ ಲೈಬ್ರರಿ. ಗೂಗಲ್ ಅದನ್ನು 2015ರಲ್ಲಿ ಹೊರಬಿಟ್ಟಿತು. ಅದರ ಚಾನೆಲನ್ನು ಥ್ರೆಡ್‌ಗಳು ಹಂಚಿಕೊಳ್ಳಬಹುದು, ಒಂದೇ ಎಚ್‌ಟಿಟಿಪಿ/2 ಕನೆಕ್ಷನ್ ಮೇಲೆ ಹಲವು ಕರೆಗಳು ಒಟ್ಟಿಗೆ ಹೋಗುತ್ತವೆ. ನಿಮ್ಮ ಮೊದಲ ತೊಂದರೆ ಅಲ್ಲಿ ಬರುವುದಿಲ್ಲ. ಆದರೆ ಅಲ್ಲೂ ಡೆಡ್‌ಲೈನ್ (ಎಷ್ಟು ಹೊತ್ತು ಕಾಯಬೇಕು ಎಂಬ ಗಡುವು) ನೀವೇ ಹೇಳಬೇಕು. ಡೆಡ್‌ಲೈನ್ ಮೀರಿತು ಎಂಬ ಎರರ್ ಬಂದಾಗಲೂ ಸರ್ವರ್‌ನಲ್ಲಿ ಕೆಲಸ ಯಶಸ್ವಿಯಾಗಿ ಮುಗಿದಿರಬಹುದು ಎಂದು ಅದರ ಡಾಕ್ಯುಮೆಂಟೇಶನ್‌ನಲ್ಲೇ ಇದೆ. ಅಂದರೆ ಗುರುತಿನ ಸಂಖ್ಯೆಯ ಕೆಲಸ ಅಲ್ಲೂ ತಪ್ಪುವುದಿಲ್ಲ. ಮೊದಲು ಅದನ್ನು ಮುಗಿಸಿ. ಆಮೇಲೂ ಬೇಕೆನಿಸಿದರೆ ಹೋಗಿ.

ಪರೀಕ್ಷೆ ಮಾಡಲು ಸುಳ್ಳು ಸರ್ವರ್ ಒಂದು ಬರೆಯಿರಿ. ಅದಕ್ಕೆ ಮೂರು ಕೆಟ್ಟ ಗುಣ ಕೊಡಿ. ಒಮ್ಮೊಮ್ಮೆ ಉತ್ತರ ಕೊಡದೆ ಸುಮ್ಮನಿರಬೇಕು. ಒಮ್ಮೊಮ್ಮೆ ತುಂಬಾ ತಡವಾಗಿ ಕೊಡಬೇಕು. ಒಮ್ಮೊಮ್ಮೆ ಕೆಲಸ ಪೂರ್ತಿ ಮಾಡಿ, ಡೇಟಾಬೇಸ್‌ಗೆ ಬರೆದು, ಉತ್ತರ ಕೊಡದೆ ಕನೆಕ್ಷನ್ ಮುಚ್ಚಬೇಕು. ಮೂರನೆಯದನ್ನು ಪರೀಕ್ಷಿಸದೆ ಯಾವ ಡೇರಿಗೂ ಹೊಸ ಆವೃತ್ತಿ ಹಾಕಬೇಡಿ. ಕೇಬಲ್ ಕಿತ್ತು ನೋಡಿದರೆ ಮೊದಲನೆಯದು ಮಾತ್ರ ಗೊತ್ತಾಗುತ್ತದೆ. ಸಾವಿರ ಎಂಟ್ರಿ ಬಿಟ್ಟು, ಕೊನೆಗೆ ಎಸ್‌ಕ್ಯೂಲೈಟ್‌ನ ಒಟ್ಟು ಲೀಟರ್ ಮತ್ತು ಸರ್ವರ್‌ನ ಒಟ್ಟು ಲೀಟರ್ ತಾಳೆ ನೋಡಿ.

ಆಗಿಹೋದ ಎಂಟ್ರಿಗಳ ಕೆಲಸ ಬಾಕಿ ಇದೆ. ಸರ್ವರ್‌ನಲ್ಲಿ ಒಬ್ಬರದೇ ಹೆಸರಿನಲ್ಲಿ ತೂಕ, ಫ್ಯಾಟ್, ಎಸ್‌ಎನ್‌ಎಫ್ ಮೂರೂ ಒಂದೇ ಇರುವ, ಕೆಲವೇ ಸೆಕೆಂಡ್ ಅಂತರದಲ್ಲಿ ಬಂದ ಜೋಡಿಗಳನ್ನು ಪಟ್ಟಿ ಮಾಡಿ. ಅವನ್ನು ಪ್ರೋಗ್ರಾಂನಿಂದ ಒಮ್ಮೆಲೇ ಅಳಿಸಬೇಡಿ. ಆ ಹೊತ್ತು ಎಷ್ಟು ಚೀಟಿ ಪ್ರಿಂಟ್ ಆಗಿವೆ ಎಂದು ಸಂಘದ ಕಾರ್ಯದರ್ಶಿಯವರ ಜೊತೆ ಕೂತು ನೋಡಿ. ಚೀಟಿ ಒಂದೇ ಇದ್ದರೆ ಎರಡನೆಯದಕ್ಕೆ ಅಷ್ಟನ್ನೇ ಕಳೆಯುವ ಎದುರು ಎಂಟ್ರಿ ಹಾಕಿ, ಮೂಲ ಸಾಲು ಹಾಗೇ ಇರಲಿ. ಮುಂದಿನ ಬಟವಾಡೆಗೆ ಮೊದಲು ಆ ಸದಸ್ಯರಿಗೆ ಹೇಳಿ, ಅವರ ಪಾಸ್‌ಬುಕ್ಕಿನಲ್ಲೂ ಬರೆಸಿ.